ಪೆನ್‌ಡ್ರೈವ್‌ಗೆ ಬಗ್ಗದ ಲ್ಯಾಪ್‌ಟಾಪ್: ಪಕ್ಕದ ಕಂಪ್ಯೂಟರಿನಿಂದ ಆಪರೇಟಿಂಗ್ ಸಿಸ್ಟಂ ಹಾಕಿದ ಒಂದು ಪ್ರಕರಣ

ಆಪರೇಟಿಂಗ್ ಸಿಸ್ಟಂ ಹಾಕುವುದೆಂದರೆ ಈಗ ಬಹುತೇಕರಿಗೆ ಪೆನ್‌ಡ್ರೈವ್ ಚುಚ್ಚಿ, ಬೂಟ್ ಮೆನು ತೆರೆದು, ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಹೋಗುವ ಕೆಲಸ. ಆ ದಾರಿ ಮುಚ್ಚಿದ್ದಾಗ ಇನ್ನೊಂದು ಕಂಪ್ಯೂಟರನ್ನು ಜೋಡಿಸಿ ಅದೇ ಕೆಲಸವನ್ನು ಹೇಗೆ ಮುಗಿಸಲಾಯಿತು ಎಂಬುದರ ವಿವರ ಇದು. ಸಂಸ್ಥೆಯ ಹೆಸರು, ಜನರ ಗುರುತು, ಲ್ಯಾಪ್‌ಟಾಪ್ ಕಂಪನಿಯ ಹೆಸರು ಯಾವುದನ್ನೂ ಕೊಟ್ಟಿಲ್ಲ. ಕೆಲಸ ಮಾಡಿದವರು ಇಬ್ಬರು: ನೆಟ್‌ವರ್ಕ್ ಕೆಲಸದಲ್ಲಿ ಪಳಗಿದ ಒಬ್ಬ ಮಹಿಳೆ, ಅವರ ಬಳಿ ಕಲಿಯುತ್ತಿದ್ದ ಒಬ್ಬ ಹುಡುಗ. ಇಲ್ಲಿ ಅವರು ತಂತ್ರಜ್ಞೆ ಮತ್ತು ಸಹಾಯಕ. ನಾನು ಪಕ್ಕದಲ್ಲಿ ಕೂತು ಟಿಪ್ಪಣಿ ಮಾಡಿಕೊಂಡವನು.

ಹಿನ್ನೆಲೆ

ಒಂದು ಸಣ್ಣ ಗ್ರಂಥಾಲಯದ ಮೇಜಿನ ಮೇಲೆ ವರ್ಷಗಟ್ಟಲೆ ದುಡಿದ ಲ್ಯಾಪ್‌ಟಾಪ್ ಅದು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ಯುಇಎಫ್‌ಐ ಎಂಬ ಹೊಸ ಬಗೆ ಬರುವುದಕ್ಕಿಂತ ಹಿಂದಿನ ಕಾಲದ ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ. ಒಳಗಿದ್ದದ್ದು ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಆಮೇಲೂ ಅದು ನಡೆಯುತ್ತಲೇ ಇತ್ತು. ಸದಸ್ಯರ ಹೆಸರು, ಯಾರಿಗೆ ಯಾವ ಪುಸ್ತಕ ಹೋಗಿದೆ, ಯಾವಾಗ ವಾಪಸ್ ಬರಬೇಕು ಎಲ್ಲವೂ ಯಾರೋ ಹಿಂದೆ ಬರೆದುಕೊಟ್ಟಿದ್ದ ಪುಟ್ಟ ಪ್ರೋಗ್ರಾಮೊಂದರಲ್ಲಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಒಂದು ದಿನ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ನಿಂತಿತು. ಆಮೇಲೆ ಎಷ್ಟು ಸಲ ಆನ್ ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಗ್ರಂಥಪಾಲಕಿ ಕೇಳಿದ್ದು ಎರಡೇ. ಸದಸ್ಯರ ಪಟ್ಟಿ ಉಳಿಯಬೇಕು. ಲ್ಯಾಪ್‌ಟಾಪ್ ಮತ್ತೆ ಕೆಲಸಕ್ಕೆ ಬರಬೇಕು. ಇದೇ ಕ್ರಮದಲ್ಲಿ ಕೇಳಿದರು, ತಂತ್ರಜ್ಞೆಯೂ ಕೊನೆಯವರೆಗೆ ಈ ಕ್ರಮವನ್ನು ಬಿಡಲಿಲ್ಲ. ನಡುವೆ ಎರಡು ಮೂರು ಕಡೆ ಇದು ಬಹಳ ಮುಖ್ಯವಾಯಿತು.

ಯಾಕೆ ಬೇರೆ ದಾರಿ ಇರಲಿಲ್ಲ

ಸಿಡಿ ಡ್ರೈವ್ ತಟ್ಟೆಯನ್ನು ತಿರುಗಿಸುತ್ತಿತ್ತು, ಓದುತ್ತಿರಲಿಲ್ಲ. ಪೆನ್‌ಡ್ರೈವ್ ಹಾಕಿದರೆ ಬಯಾಸ್ ಬೂಟ್ ಪಟ್ಟಿಯಲ್ಲಿ ಅದರ ಹೆಸರು ಬರುತ್ತಿತ್ತು, ಆರಿಸಿದೊಡನೆ ಕಪ್ಪು ಪರದೆಯ ಮೇಲೆ ಕರ್ಸರ್ ಮಿನುಗುತ್ತಾ ನಿಲ್ಲುತ್ತಿತ್ತು. ಬೇರೆ ಪೆನ್‌ಡ್ರೈವ್, ಬೇರೆ ಪೋರ್ಟ್, ಬೇರೆ ರೀತಿಯಲ್ಲಿ ಬರೆದ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ಎಲ್ಲವನ್ನೂ ಸಹಾಯಕ ಪ್ರಯತ್ನಿಸಿದ್ದ. ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಅಲ್ಲೇ ಲಿನಕ್ಸ್ (ವಿಂಡೋಸ್ ಬದಲು ಹಾಕಲು ಹೊರಟ ಆಪರೇಟಿಂಗ್ ಸಿಸ್ಟಂ) ತುಂಬಿಸಿ ವಾಪಸ್ ಜೋಡಿಸುವುದು ಮೂರನೇ ದಾರಿ. ಅದು ಕೆಟ್ಟ ದಾರಿಯೇನೂ ಅಲ್ಲ. ಆದರೆ ಡಿಸ್ಕಿನ ಮುಚ್ಚಳದ ಒಂದು ಸ್ಕ್ರೂ ತಲೆ ಪೂರ್ತಿ ಸವೆದಿತ್ತು, ಸ್ಕ್ರೂಡ್ರೈವರ್ ಜಾರುತ್ತಿತ್ತು. ಡ್ರಿಲ್ ಹಾಕಿ ತೆಗೆಯಬಹುದಿತ್ತು. ಆದರೆ ಒಂದೇ ಪ್ರತಿ ಇರುವ ದಾಖಲೆಯನ್ನು ಹೊತ್ತ ಡಿಸ್ಕಿನ ಪಕ್ಕದಲ್ಲಿ ಡ್ರಿಲ್ ಓಡಿಸಲು ತಂತ್ರಜ್ಞೆ ಒಪ್ಪಲಿಲ್ಲ.

ಆ ದಾರಿಗೆ ಇನ್ನೊಂದು ಅಪಾಯವೂ ಇದೆ. ಇನ್ನೊಂದು ಯಂತ್ರಕ್ಕೆ ಡಿಸ್ಕ್ ಹಾಕಿ ಇನ್‌ಸ್ಟಾಲ್ ಮಾಡುವಾಗ ಎರಡು ಡಿಸ್ಕ್‌ಗಳು ಕಣ್ಣ ಮುಂದಿರುತ್ತವೆ. ಡಿಸ್ಕನ್ನು ಭಾಗಗಳಾಗಿ ವಿಭಜಿಸುವ ಹಂತದಲ್ಲಿ ತಪ್ಪು ಡಿಸ್ಕನ್ನು ಆರಿಸಿದರೆ ಸಹಾಯಕ್ಕೆ ಬಂದ ಕಂಪ್ಯೂಟರೇ ಅಳಿಸಿಹೋಗುತ್ತದೆ. ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಚಿಕ್ಕ ಪ್ರೋಗ್ರಾಮಾದ ಬೂಟ್‌ಲೋಡರ್ ಬೇರೆ ಡಿಸ್ಕಿಗೆ ಹೋಗಿ ಕೂರುವುದು ಇದಕ್ಕಿಂತ ಸಾಮಾನ್ಯ. ಯುಇಎಫ್‌ಐ ಯಂತ್ರಗಳಲ್ಲಿ ಬೂಟ್ ನಮೂದು ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಮೆಮೊರಿಯಲ್ಲಿ ಬರೆಯಲ್ಪಡುವುದರಿಂದ, ಡಿಸ್ಕ್ ವಾಪಸ್ ಹಾಕಿದ ಮೇಲೆ ಲ್ಯಾಪ್‌ಟಾಪಿಗೆ ಅದರ ಸುಳಿವೇ ಸಿಗದೆ ಹೋಗಬಹುದು.

ಉಳಿದದ್ದು ಬಯಾಸ್ ಪಟ್ಟಿಯ ಕೊನೆಯಲ್ಲಿದ್ದ, ಯಾರೂ ಮುಟ್ಟದ ಸಾಲು: ನೆಟ್‌ವರ್ಕ್ ಬೂಟ್.

ನೆಟ್‌ವರ್ಕ್ ಬೂಟ್ ಅಂದರೆ

ಇದರ ಹಿಂದಿರುವುದು ಪಿಎಕ್ಸ್‌ಇ ಎಂಬ ವ್ಯವಸ್ಥೆ. ಇಂಟೆಲ್ ರೂಪಿಸಿದ ಇದರ 2.1ನೇ ಆವೃತ್ತಿ 1999ರಲ್ಲಿ ಬಂತು. ನೆಟ್‌ವರ್ಕ್ ಕಾರ್ಡಿನ ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ, ಓದಲಷ್ಟೇ ಇರುವ ಮೆಮೊರಿಯಲ್ಲಿ) ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ಡಿಸ್ಕ್ ಖಾಲಿಯಿದ್ದರೂ, ಡಿಸ್ಕೇ ಇಲ್ಲದಿದ್ದರೂ ಅದು ಎದ್ದು ಕೇಬಲ್ ಮೇಲೆ ಕೂಗು ಹಾಕುತ್ತದೆ: ನನಗೊಂದು ವಿಳಾಸ ಕೊಡಿ, ಯಾವ ಫೈಲ್ ತೆಗೆದುಕೊಳ್ಳಬೇಕು ಹೇಳಿ. ಆ ಕೂಗು ವಿಳಾಸ ಹಂಚಲು ಬಳಸುವ ಡಿಎಚ್‌ಸಿಪಿ ಭಾಷೆಯಲ್ಲಿ, ಯುಡಿಪಿ 67ನೇ ಪೋರ್ಟಿಗೆ ಹೋಗುತ್ತದೆ (ಸಂಖ್ಯೆ ಇರುವ ಪೋರ್ಟ್ ಎಂದರೆ ಕೇಬಲ್ ಚುಚ್ಚುವ ಜಾಗವಲ್ಲ, ಒಂದೊಂದು ಸೇವೆಗೆ ಇರುವ ಬಾಗಿಲಿನ ಸಂಖ್ಯೆ). ಇನ್ನೊಂದು ತುದಿಯ ಕಂಪ್ಯೂಟರ್ ವಿಳಾಸವನ್ನೂ ಬೂಟ್ ಫೈಲಿನ ಹೆಸರನ್ನೂ ಕೊಡುತ್ತದೆ. ಫೈಲನ್ನು ಲ್ಯಾಪ್‌ಟಾಪ್ ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ವಿಧಾನದ ಮೂಲಕ ತರಿಸಿಕೊಳ್ಳುತ್ತದೆ. ಅದರ ಬಾಗಿಲು 69ನೇ ಪೋರ್ಟ್. ಬಂದ ಫೈಲ್ ಒಂದು ಬೂಟ್‌ಲೋಡರ್. ಅದು ಮೆನು ತೋರಿಸಿ, ಆರಿಸಿದ ಕರ್ನಲ್ (ಸಿಸ್ಟಂನ ತಿರುಳು) ಮತ್ತು ಅದರ ಆರಂಭಕ್ಕೆ ಬೇಕಾದ ಫೈಲುಗಳಿರುವ ಇನಿಷಿಯಲ್ ರ‍್ಯಾಮ್‌ಡಿಸ್ಕನ್ನು ಅದೇ ದಾರಿಯಲ್ಲಿ ತಂದು ರ‍್ಯಾಮ್‌ಗೆ ಹಾಕಿ ಓಡಿಸುತ್ತದೆ. ಅಲ್ಲಿಂದ ಮುಂದೆ ಪೆನ್‌ಡ್ರೈವ್‌ನಿಂದ ಎದ್ದ ಇನ್‌ಸ್ಟಾಲರಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಸರ್ವರ್ ಆಗಿ ನಿಂತದ್ದು ಸಹಾಯಕನದೇ ಲಿನಕ್ಸ್ ಲ್ಯಾಪ್‌ಟಾಪ್. ಡಿಎನ್‌ಎಸ್‌ಮಾಸ್ಕ್ ಎಂಬ ಒಂದೇ ಸಣ್ಣ ಪ್ರೋಗ್ರಾಂ ವಿಳಾಸ ಹಂಚುವುದನ್ನೂ ಫೈಲ್ ಕೊಡುವುದನ್ನೂ ಮಾಡುತ್ತದೆ. ಹಾಕಲು ಆರಿಸಿದ್ದು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12. ನೆಟ್‌ವರ್ಕ್‌ನಿಂದ ಏಳಲು ಬೇಕಾದ ಫೈಲುಗಳ ಕಟ್ಟನ್ನು ಡೆಬಿಯನ್ ತಾನೇ ಸಿದ್ಧಪಡಿಸಿ ಕೊಡುತ್ತದೆ ಎಂಬುದು ಒಂದು ಕಾರಣ. ಈ ಪ್ರೊಸೆಸರಿಗೆ ಎಲ್ಲ ಲಿನಕ್ಸ್‌ಗಳೂ ಹೊಂದುವುದಿಲ್ಲ ಎಂಬುದು ಇನ್ನೊಂದು. ಉದಾಹರಣೆಗೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಕೇಳುವ ಕೆಲವು ಪ್ರೊಸೆಸರ್ ಸೂಚನೆಗಳು ಕೋರ್ 2 ಡ್ಯುಯೊದಲ್ಲಿ ಇಲ್ಲ.

ಕೇಬಲ್ ಎಲ್ಲಿಗೆ

ಮೊದಲ ನಿರ್ಧಾರ ಬಂದದ್ದು ಕೇಬಲ್ ಜೋಡಿಸುವಾಗಲೇ.

“ಮೇಡಂ, ಎರಡನ್ನೂ ಇಲ್ಲಿರೋ ನೆಟ್‌ವರ್ಕ್ ಸ್ವಿಚ್ಚಿಗೇ ಹಾಕಿಬಿಡಲಾ? ಇಂಟರ್ನೆಟ್ಟೂ ಸಿಗುತ್ತೆ.”

“ಬೇಡಪ್ಪಾ. ಅಲ್ಲಿ ರೂಟರ್ ಆಗಲೇ ವಿಳಾಸ ಹಂಚ್ತಾ ಇದೆ. ನಿನ್ನದೂ ಹಂಚೋಕೆ ಶುರು ಮಾಡಿದ್ರೆ ಯಾರು ಯಾರ ಹತ್ರ ತಗೋತಾರೆ ಅನ್ನೋದು ನಮ್ಮ ಕೈಲಿರಲ್ಲ. ನೇರ ಜೋಡ್ಸು.”

ಹೇಳಿದ್ದು ಇಷ್ಟೇ, ಆದರೆ ಇಡೀ ಕೆಲಸದಲ್ಲಿ ಬೇರೆಯವರಿಗೆ ತೊಂದರೆ ಕೊಡಬಹುದಾಗಿದ್ದ ಜಾಗ ಇದೊಂದೇ. ಒಂದೇ ನೆಟ್‌ವರ್ಕಿನಲ್ಲಿ ಎರಡು ಡಿಎಚ್‌ಸಿಪಿ ಸರ್ವರ್‌ಗಳಿದ್ದರೆ ಅಲ್ಲಿನ ಇತರ ಕಂಪ್ಯೂಟರುಗಳು ತಪ್ಪು ವಿಳಾಸ ಪಡೆದು ಇಂಟರ್ನೆಟ್ ಕಳೆದುಕೊಳ್ಳಬಹುದು. ನೆಟ್‌ವರ್ಕ್ ಬೂಟ್ ಮೊದಲ ಆಯ್ಕೆಯಾಗಿರುವ ಯಾವುದಾದರೂ ಯಂತ್ರ ಆ ಹೊತ್ತಿನಲ್ಲಿ ಆನ್ ಆದರೆ ಅದರ ಪರದೆಯ ಮೇಲೂ ಇನ್‌ಸ್ಟಾಲರ್ ಬಂದು ಕೂರುತ್ತದೆ. ಬೂಟ್ ಮಾಹಿತಿಯನ್ನಷ್ಟೇ ಕೊಟ್ಟು ವಿಳಾಸ ಹಂಚುವುದನ್ನು ರೂಟರಿಗೇ ಬಿಡುವ ಪ್ರಾಕ್ಸಿ ವಿಧಾನ ಡಿಎನ್‌ಎಸ್‌ಮಾಸ್ಕ್‌ನಲ್ಲಿ ಇದೆ. ಒಂದೇ ಯಂತ್ರದ ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ.

ಹಾಗಾಗಿ ಎರಡೂ ಲ್ಯಾಪ್‌ಟಾಪುಗಳ ನಡುವೆ ಒಂದೇ ಕೇಬಲ್. ಇಂಟರ್ನೆಟ್ಟಿಗೆ ಸಹಾಯಕನ ಲ್ಯಾಪ್‌ಟಾಪ್ ವೈಫೈ ಹಿಡಿಯಿತು. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದದ್ದರಿಂದ ಸಾಮಾನ್ಯ ಕೇಬಲ್ ಸಾಕಾಯಿತು; ತುದಿಗಳನ್ನು ಅವೇ ಹೊಂದಿಸಿಕೊಳ್ಳುತ್ತವೆ. ಎರಡೂ ಕಡೆ ಹಳೆಯ 100 ಮೆಗಾಬಿಟ್ ಕಾರ್ಡುಗಳಿದ್ದರೆ ಒಳಗಿನ ತಂತಿಗಳು ಅದಲುಬದಲಾಗಿರುವ ಕ್ರಾಸ್‌ಓವರ್ ಕೇಬಲ್ ಬೇಕಾಗಬಹುದು.

ಇನ್ನೊಂದು ಮುನ್ನೆಚ್ಚರಿಕೆಯನ್ನೂ ಆಗಲೇ ತೆಗೆದುಕೊಂಡರು. ಬೂಟ್ ಮೆನುವಿನಲ್ಲಿ ತಾನಾಗಿ ಆಯ್ಕೆಯಾಗುವ ಮೊದಲ ಸಾಲು ಇನ್‌ಸ್ಟಾಲ್ ಅಲ್ಲ, ‘ಸ್ವಂತ ಡಿಸ್ಕಿನಿಂದ ಬೂಟ್ ಮಾಡು’. ಕೇಬಲ್ ಇದ್ದಾಗ ಯಾರಾದರೂ ತಿಳಿಯದೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದರೂ ಅಳಿಸುವ ದಾರಿಗೆ ಅದು ತಾನಾಗಿ ಹೋಗಬಾರದು. ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಬರೆದಿಟ್ಟು ಇನ್‌ಸ್ಟಾಲ್ ಮಾಡುವವರು ಇದನ್ನು ಖಂಡಿತ ಮಾಡಬೇಕೆಂದು ನನಗನ್ನಿಸುತ್ತದೆ. ಅಲ್ಲಿ ಇನ್‌ಸ್ಟಾಲರ್ ಯಾರನ್ನೂ ಕೇಳುವುದಿಲ್ಲ. ನೆಟ್‌ವರ್ಕ್ ಬೂಟ್ ಮೊದಲ ಸ್ಥಾನದಲ್ಲೇ ಉಳಿದಿದ್ದರೆ ಮುಗಿದ ಕೆಲಸವನ್ನು ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಒಂದೊಂದೇ ದೋಷ

ಬಯಾಸ್‌ನಲ್ಲಿ ನೆಟ್‌ವರ್ಕ್ ಬೂಟ್ ಆನ್ ಮಾಡಿ ಉಳಿಸಿದರು. ಅಡಾಪ್ಟರ್ ಸ್ವಲ್ಪ ಅಲುಗಿ ಕರೆಂಟ್ ತಪ್ಪಿತು, ಮತ್ತೆ ಆನ್ ಮಾಡಿದಾಗ ಆ ಸಾಲೇ ಮಾಯ. ಗಡಿಯಾರ 2008ರ ಜನವರಿ 1 ತೋರಿಸುತ್ತಿತ್ತು. ಬಯಾಸ್ ನೆನಪನ್ನು ಕಾಯುವ ಗುಂಡಿ ಬ್ಯಾಟರಿ ಸತ್ತಿತ್ತು, ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿಯಂತೂ ಮೊದಲೇ ಇಲ್ಲ. ಕರೆಂಟ್ ಹೋದಾಗಲೆಲ್ಲ ಬಯಾಸ್ ಮೂಲ ಸ್ಥಿತಿಗೆ ಮರಳುತ್ತಿತ್ತು, ಆ ಮೂಲ ಸ್ಥಿತಿಯಲ್ಲಿ ನೆಟ್‌ವರ್ಕ್ ಬೂಟ್ ಆಫ್. ಅಡಾಪ್ಟರ್ ವೈರನ್ನು ಮೇಜಿಗೆ ಟೇಪ್ ಹಾಕಿ ಬಿಗಿದರು. ತಾರೀಖನ್ನು ಸರಿಪಡಿಸಿಯೇ ಮುಂದೆ ಹೋದರು. ಅದಕ್ಕೆ ಕಾರಣವಿದೆ: ಡೆಬಿಯನ್ ತನ್ನ ಪ್ಯಾಕೇಜ್ ಪಟ್ಟಿಯ ಸಹಿಯನ್ನು ತಾರೀಖಿನೊಂದಿಗೆ ತಾಳೆ ನೋಡುತ್ತದೆ. ಯಂತ್ರ 2008ರಲ್ಲೇ ಇದ್ದರೆ ಪಟ್ಟಿ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ತಿರಸ್ಕಾರವಾಗುತ್ತದೆ.

ಮುಂದಿನ ಪರದೆ ಪಿಎಕ್ಸ್‌ಇ-ಇ51 ಎಂಬ ಸಂಕೇತ ತೋರಿಸಿತು. ಅರ್ಥ ಸರಳ: ವಿಳಾಸ ಕೊಡಲು ಯಾರೂ ಮುಂದೆ ಬರಲಿಲ್ಲ. ಸಹಾಯಕ ಡಿಎನ್‌ಎಸ್‌ಮಾಸ್ಕ್ ಸೆಟ್ಟಿಂಗ್ ಫೈಲನ್ನು ತಿದ್ದಲು ಶುರುಮಾಡಿದ. ವಿಳಾಸದ ಶ್ರೇಣಿ ಬದಲಿಸಿದ, ಕೇಬಲ್ ಬದಲಿಸಿದ, ಸಾಲುಗಳನ್ನು ಮೇಲೆ ಕೆಳಗೆ ಮಾಡಿದ. ಒಮ್ಮೆ ಇದ್ದಕ್ಕಿದ್ದಂತೆ ವಿಳಾಸ ಸಿಕ್ಕಿತು, ಮುಂದಿನ ಸಲ ಮತ್ತೆ ಇ51. ಯಾವ ಬದಲಾವಣೆಯಿಂದ ಸಿಕ್ಕಿತು, ಯಾವುದರಿಂದ ತಪ್ಪಿತು ಎಂದು ಹೇಳಲಾಗದ ಸ್ಥಿತಿ.

ಪ್ರಕರಣದ ತಿರುವು ಇಲ್ಲಿದೆ. ತಂತ್ರಜ್ಞೆ ಅವನ ಕೈ ತಡೆದು, ಏಳದ ಲ್ಯಾಪ್‌ಟಾಪಿನ ಪರದೆ ನೋಡುವುದನ್ನು ಬಿಡಿಸಿ, ಸರ್ವರ್ ಲ್ಯಾಪ್‌ಟಾಪಿನಲ್ಲಿ ಲಾಗ್ (ಏನೇನು ನಡೆಯಿತೆಂದು ಯಂತ್ರ ತಾನೇ ಬರೆದಿಡುವ ದಾಖಲೆ) ತೆರೆಸಿದರು. ತಿದ್ದಿದ್ದನ್ನೆಲ್ಲ ಮೊದಲಿನಂತೆ ಮಾಡಿಸಿದರು. ಹಳೆಯ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿದಾಗ ಲಾಗಿನಲ್ಲಿ ಒಂದು ಸಾಲು ಬಂತು: ಡಿಎಚ್‌ಸಿಪಿ ಪ್ಯಾಕೆಟ್ ಬಂದಿದೆ, ಆದರೆ ಬಂದ ಇಂಟರ್‌ಫೇಸಿಗೆ (ಕೇಬಲ್ ಚುಚ್ಚಿದ ಪೋರ್ಟಿಗೆ) ವಿಳಾಸವೇ ಇಲ್ಲ.

ಅಂದರೆ ಕೇಳುವ ಲ್ಯಾಪ್‌ಟಾಪ್ ಸರಿಯಾಗಿಯೇ ಕೇಳುತ್ತಿದೆ, ಕೇಬಲ್ ಸರಿಯಿದೆ, ಡಿಎನ್‌ಎಸ್‌ಮಾಸ್ಕ್ ಎಚ್ಚರವಿದೆ. ಸರ್ವರಿನ ಪೋರ್ಟೇ ತನ್ನ ವಿಳಾಸವನ್ನು ಕಳೆದುಕೊಂಡಿದೆ. ಯಾಕೆ? ಎರಡು ಯಂತ್ರಗಳು ನೇರವಾಗಿ ಜೋಡಿಸಿರುವಾಗ ಒಂದು ರೀಸ್ಟಾರ್ಟ್ ಆದರೆ ಇನ್ನೊಂದರ ಪೋರ್ಟಿಗೆ ಕೇಬಲ್ ಕಿತ್ತಂತೆಯೇ ಕಾಣುತ್ತದೆ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ನೋಡಿ, ಸ್ವಲ್ಪ ಕಾದು, ಆ ಸಂಪರ್ಕವನ್ನು ಮುಚ್ಚಿ ವಿಳಾಸ ತೆಗೆದುಬಿಡುತ್ತದೆ. ದಿನನಿತ್ಯದ ಬಳಕೆಯಲ್ಲಿ ಅದು ಸರಿಯಾದ ನಡವಳಿಕೆಯೇ. ಇತ್ತ ಪಿಎಕ್ಸ್‌ಇ 4, 8, 16, 32 ಸೆಕೆಂಡುಗಳ ಅಂತರ ಕೊಟ್ಟು ಕೇಳಿ, ಒಂದು ನಿಮಿಷಕ್ಕೆ ಕೈಬಿಡುತ್ತದೆ. ವಿಳಾಸ ಆ ಒಂದು ನಿಮಿಷದೊಳಗೆ ವಾಪಸ್ ಬಂದರೆ ಬೂಟ್, ಬರದಿದ್ದರೆ ಇ51. ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತಿದ್ದದ್ದಕ್ಕೆ ಇಷ್ಟೇ ಕಾರಣ.

ಪರಿಹಾರ ಎರಡು ರೀತಿ. ನಡುವೆ ಬೇರೆ ಯಾವುದಕ್ಕೂ ಜೋಡಿಸದ ಪುಟ್ಟ ಸ್ವಿಚ್ ಇಟ್ಟರೆ ಸರ್ವರಿನ ಪೋರ್ಟ್ ಸದಾ ಜೀವಂತವಾಗಿರುತ್ತದೆ. ಇಲ್ಲವೇ ಆ ಪೋರ್ಟನ್ನು ನೆಟ್‌ವರ್ಕ್‌ಮ್ಯಾನೇಜರಿನ ಹಿಡಿತದಿಂದ ಬಿಡಿಸಿ 192.168.77.1 ಎಂಬ ಸ್ಥಿರ ವಿಳಾಸವನ್ನು ಕೈಯಾರೆ ಕೊಡಬೇಕು. ಕೈಗೆ ಸ್ವಿಚ್ ಸಿಗದ್ದರಿಂದ ಎರಡನೆಯದನ್ನು ಮಾಡಿದರು. ಇ51 ಮತ್ತೆ ಬರಲಿಲ್ಲ.

ಬಂದದ್ದು ಇ32: ಟಿಎಫ್‌ಟಿಪಿ ತೆರೆಯಲು ಸಮಯ ಮೀರಿತು. ಸಹಾಯಕನ ಮುಖ ಇಳಿಯಿತು, ತಂತ್ರಜ್ಞೆ ಮಾತ್ರ ಗೆಲುವಾದರು. “ಮುಂದಕ್ಕೆ ಬಂದಿದೀವಿ ಕಣೋ, ನೋಡು” ಎಂದರು. ನನಗೆ ಆ ಮಾತು ಬಹಳ ಹಿಡಿಸಿತು. ವಿಳಾಸ ಸಿಕ್ಕಿದೆ, ಫೈಲಿನ ಹೆಸರೂ ಸಿಕ್ಕಿದೆ, ಹೆಸರು ಸಿಗದಿದ್ದರೆ ಬರಬೇಕಾದದ್ದು ಇ53. ಹಾಗಾದರೆ ಅಡ್ಡಿ ಇರುವುದು 69ನೇ ಪೋರ್ಟಿನಲ್ಲಿ. ಹೊರಗಿನಿಂದ ಬರುವುದನ್ನು ತಡೆಯುವ ಸರ್ವರಿನ ಫೈರ್‌ವಾಲ್‌ನಲ್ಲಿ 67 ತೆರೆದಿತ್ತು, 69 ತೆರೆದಿರಲಿಲ್ಲ. ಕೇಬಲ್‌ನ ಇನ್ನೊಂದು ತುದಿಯಲ್ಲಿ ಈ ಲ್ಯಾಪ್‌ಟಾಪ್ ಬಿಟ್ಟು ಬೇರೇನೂ ಇಲ್ಲದ್ದರಿಂದ ಆ ಒಂದು ಇಂಟರ್‌ಫೇಸಿಗೆ ಎಲ್ಲವನ್ನೂ ಬಿಟ್ಟುಕೊಟ್ಟರು. ವೈಫೈ ಕಡೆಯ ಫೈರ್‌ವಾಲ್ ಹಾಗೆಯೇ ಉಳಿಯಿತು.

ಆಮೇಲೆ ಬೂಟ್‌ಲೋಡರ್ ಬಂತು, ಬಂದೊಡನೆ ಎಲ್‌ಡಿಲಿನಕ್ಸ್ ಎಂಬ ಜೊತೆಗಾರ ಫೈಲ್ ಸಿಗಲಿಲ್ಲವೆಂದು ನಿಂತಿತು. ಡೆಬಿಯನ್ ಕಟ್ಟನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವ್ ಮೇಲೆಯೇ ಬಿಚ್ಚಿ ತರಲಾಗಿತ್ತು. ಆ ಕಟ್ಟಿನ ಮೇಲ್ಮಟ್ಟದ ಹೆಸರುಗಳು ನಿಜವಾದ ಫೈಲುಗಳಲ್ಲ, ಒಳಗಿನ ಫೋಲ್ಡರಿನ ಫೈಲುಗಳತ್ತ ಬೆರಳು ತೋರುವ ಸಿಂಬಾಲಿಕ್ ಲಿಂಕ್‌ಗಳು. ಪೆನ್‌ಡ್ರೈವ್‌ನ ಫ್ಯಾಟ್ ಫೈಲ್ ಸಿಸ್ಟಂನಲ್ಲಿ ಲಿಂಕ್‌ಗಳಿಗೆ ಜಾಗವಿಲ್ಲ. ಅವು ಅಲ್ಲೇ ಕಳೆದುಹೋಗಿದ್ದವು. ಮುಖ್ಯ ಫೈಲನ್ನು ಸಹಾಯಕ ಒಳಗಿನಿಂದ ಎತ್ತಿ ತಂದು ಮೇಲಿಟ್ಟಿದ್ದ, ಜೊತೆಗಾರ ಗಮನಕ್ಕೆ ಬಂದಿರಲಿಲ್ಲ. ಕಟ್ಟನ್ನು ಬಿಚ್ಚದೆ ತಂದು ಸರ್ವರಿನ ಮೇಲೆಯೇ ಬಿಚ್ಚಿದಾಗ ಎಲ್ಲವೂ ತಮ್ಮ ಜಾಗದಲ್ಲಿದ್ದವು.

ಮೆನು ಬರುವುದಕ್ಕೆ ಸ್ವಲ್ಪ ಮುಂಚೆ ಲಾಗಿನಲ್ಲಿ ‘ಫೈಲ್ ಸಿಗಲಿಲ್ಲ’ ಎಂಬ ಸಾಲುಗಳು ಸಾಲಾಗಿ ಬಂದವು, ಸಹಾಯಕ ಮತ್ತೆ ಕೀಬೋರ್ಡಿಗೆ ಕೈ ಹಾಕಿದ. ಇವು ದೋಷಗಳಲ್ಲ. ಬೂಟ್‌ಲೋಡರ್ ತನ್ನ ಸೆಟ್ಟಿಂಗ್ ಫೈಲನ್ನು ಮೊದಲು ಯಂತ್ರದ ಗುರುತಿನ ಹೆಸರಲ್ಲಿ ಹುಡುಕುತ್ತದೆ, ಆಮೇಲೆ ಕಾರ್ಡಿನ ಮ್ಯಾಕ್ ವಿಳಾಸದ (ಕಾರ್ಡಿಗೇ ಅಂಟಿದ ಸಂಖ್ಯೆಯ) ಹೆಸರಲ್ಲಿ, ಆಮೇಲೆ ನೆಟ್‌ವರ್ಕಿನಲ್ಲಿ ಸಿಕ್ಕ ಐಪಿ ವಿಳಾಸದ ಹೆಕ್ಸ್ ರೂಪದಲ್ಲಿ, ಅಂದರೆ 16ರ ಲೆಕ್ಕದ ಅಂಕಿಗಳಲ್ಲಿ. ಈ ಲ್ಯಾಪ್‌ಟಾಪಿಗೆ ಸಿಕ್ಕಿದ್ದು 192.168.77.50. ಅದರ ಹೆಕ್ಸ್ ರೂಪ ಸಿ0ಎ84ಡಿ32. ಅದು ಸಿಗದಿದ್ದರೆ ಕೊನೆಯ ಅಕ್ಷರ ಬಿಟ್ಟು ಸಿ0ಎ84ಡಿ3, ಮತ್ತೆ ಸಿ0ಎ84ಡಿ, ಹೀಗೆ ಒಂದೇ ಅಕ್ಷರ ಉಳಿಯುವವರೆಗೆ ಇಳಿದು, ಕೊನೆಗೆ ‘ಡೀಫಾಲ್ಟ್’ ಎಂಬ ಫೈಲಿಗೆ ಬರುತ್ತದೆ. ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ಮೆನು ಕೊಡಲು ಮಾಡಿದ ಏರ್ಪಾಡು ಅದು. ಸಾಲುಗಳು ಮುಗಿದವು, ಮೆನು ಬಂತು.

ಅಳಿಸುವ ಮುನ್ನ

ಈಗ ಇನ್‌ಸ್ಟಾಲ್ ಆರಿಸಿದರೆ ಕೆಲಸ ಮುಗಿಯುತ್ತಿತ್ತು, ಪಟ್ಟಿಯೂ ಮುಗಿಯುತ್ತಿತ್ತು. ಮೆನುವಿಗೆ ಮೊದಲೇ ಸೇರಿಸಿದ್ದ ಇನ್ನೊಂದು ಆಯ್ಕೆಯನ್ನು ತಂತ್ರಜ್ಞೆ ಒತ್ತಿಸಿದರು: ರಿಪೇರಿಗೆಂದೇ ಇರುವ ಒಂದು ಲೈವ್ ಲಿನಕ್ಸ್, ಅಂದರೆ ಡಿಸ್ಕಿಗೆ ಏನನ್ನೂ ಹಾಕದೆ ಓಡುವಂಥದ್ದು. ಇಂಥ ಲೈವ್ ಸಿಸ್ಟಂಗಳನ್ನು ಎಚ್‌ಟಿಟಿಪಿ (ವೆಬ್ ಪುಟಗಳು ಬರುವ ವಿಧಾನ) ಮೂಲಕ ತಂದರೆ ಇಡೀ ಇಮೇಜ್ ರ‍್ಯಾಮ್‌ನಲ್ಲಿ ಹಿಡಿಸಬೇಕು. 2 ಜಿಬಿಯಲ್ಲಿ ಅದು ಕಷ್ಟ. ಆದ್ದರಿಂದ ಎನ್‌ಎಫ್‌ಎಸ್ ಮೂಲಕ ಸರ್ವರಿನ ಫೋಲ್ಡರನ್ನೇ ತನ್ನ ಡಿಸ್ಕಿನಂತೆ ಬಳಸುವ ರೀತಿಯಲ್ಲಿ ಎಬ್ಬಿಸಿದರು. ಬೇಕಾದದ್ದನ್ನು ಬೇಕಾದಾಗ ಮಾತ್ರ ಕೇಬಲ್ ಮೇಲೆ ಓದುತ್ತದೆ, ರ‍್ಯಾಮ್ ಉಳಿಯುತ್ತದೆ.

ಡಿಸ್ಕಿನ ಆರೋಗ್ಯ ಮೊದಲು. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 5ನೇ ಗುಣಾಂಶ, ಅಂದರೆ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು, ಸೊನ್ನೆ. 197ನೆಯದು, ಅಂದರೆ ಓದಲಾಗದೆ ಬಾಕಿ ಉಳಿದವು, ಅದೂ ಸೊನ್ನೆ. ಇವು ಏರಿದ್ದರೆ ಅದೇ ಡಿಸ್ಕಿನ ಮೇಲೆ ಹೊಸ ಸಿಸ್ಟಂ ಹಾಕುವ ಮಾತೇ ಬರುತ್ತಿರಲಿಲ್ಲ.

ಏನನ್ನು ನಕಲು ಮಾಡಬೇಕು ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು. ಪ್ರೋಗ್ರಾಂ ಎಲ್ಲಿದೆಯೋ ಆ ಫೋಲ್ಡರ್ ಸಾಕು, ಅದರಲ್ಲೇ ಡೇಟಾಬೇಸ್ ಫೈಲ್ ಕಾಣುತ್ತಿದೆ ಎಂದು ಸಹಾಯಕ. ನಿಜವಾಗಿಯೂ ಕಾಣುತ್ತಿತ್ತು, ‘ಪ್ರೋಗ್ರಾಂ ಫೈಲ್ಸ್’ ಒಳಗೆ, ಸರಿಯಾದ ಹೆಸರಿನಲ್ಲಿ. ತಂತ್ರಜ್ಞೆ ಒಪ್ಪದೆ ಇಡೀ ಡಿಸ್ಕಿನ ಇಮೇಜ್ ತೆಗೆಯಲು ಹೇಳಿದರು. ಡಿಡಿರೆಸ್ಕ್ಯೂ ಎಂಬ ನಕಲು ಪ್ರೋಗ್ರಾಂ ಬಳಸಿ ಎನ್‌ಎಫ್‌ಎಸ್ ಮೂಲಕ ನೇರ ಸರ್ವರಿಗೆ ಬರೆಸಿದರು. ಹಳೆಯ ಡಿಸ್ಕ್ ಸೆಕೆಂಡಿಗೆ 50 ಎಂಬಿ ಕೊಟ್ಟರೆ 160 ಜಿಬಿಗೆ ಒಂದು ಗಂಟೆಗಿಂತ ತುಸು ಕಡಿಮೆ ಸಾಕು. ಇದೇ ಕೆಲಸ 100 ಮೆಗಾಬಿಟ್ ಕೇಬಲ್ ಸಂಪರ್ಕದಲ್ಲಿ ಮೂರೂವರೆ ಗಂಟೆ ದಾಟುತ್ತದೆ. ಆ ಹೊತ್ತಿನಲ್ಲಿ ಸರ್ವರ್ ಲ್ಯಾಪ್‌ಟಾಪ್ ತಾನಾಗಿ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿದ್ದರು.

ಇಮೇಜನ್ನು ಸರ್ವರಿನಲ್ಲಿ ಓದಲು ಮಾತ್ರ ಎಂಬ ರೀತಿಯಲ್ಲಿ ತೆರೆದು, ಡೇಟಾಬೇಸನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ, ಗ್ರಂಥಪಾಲಕಿಯನ್ನು ಕರೆದರು. ಅವರು ನೋಡಿದ ತಕ್ಷಣ ತಲೆಯಾಡಿಸಿದರು. ಹತ್ತಾರು ಹೆಸರು ಬಿಟ್ಟರೆ ಏನೂ ಇಲ್ಲ, ಅವೂ ಪ್ರೋಗ್ರಾಂ ಹಾಕಿಸಿದ ಹೊಸದರಲ್ಲಿ ಪರೀಕ್ಷೆಗೆಂದು ತುಂಬಿಸಿದವು. ನಿಜವಾದ ಫೈಲ್ ಸಿಕ್ಕಿದ್ದು ಬಳಕೆದಾರರ ಖಾತೆಯ ಆಳದಲ್ಲಿ, ‘ವರ್ಚುವಲ್‌ಸ್ಟೋರ್’ ಎಂಬ ಫೋಲ್ಡರಿನಲ್ಲಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಸಾಮಾನ್ಯ ಪ್ರೋಗ್ರಾಮುಗಳಿಗೆ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಬರೆಯಲು ಅನುಮತಿ ಇಲ್ಲ. ಅದನ್ನು ತಿಳಿಯದ ಹಳೆಯ ಪ್ರೋಗ್ರಾಂ ಅಲ್ಲಿ ಬರೆಯಹೊರಟರೆ ವಿಂಡೋಸ್ ಸದ್ದಿಲ್ಲದೆ ಆ ಬರಹವನ್ನು ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ. ಪ್ರೋಗ್ರಾಮಿಗೆ ತಾನು ತನ್ನ ಫೋಲ್ಡರಿನಲ್ಲೇ ಬರೆಯುತ್ತಿದ್ದೇನೆ ಎಂಬ ನಂಬಿಕೆ. ಹೊರಗಿನಿಂದ ಡಿಸ್ಕ್ ತೆರೆದವರಿಗೆ ಅಲ್ಲಿ ಕಾಣುವುದು ವರ್ಷಗಳ ಹಿಂದಿನ ಪ್ರತಿ.

ಗ್ರಂಥಪಾಲಕಿ ಆ ಎರಡನೇ ಫೈಲಿನ ಕೊನೆಯ ನಮೂದನ್ನು ತಮ್ಮ ರಸೀದಿ ಪುಸ್ತಕದ ಕೊನೆಯ ಹಾಳೆಯೊಂದಿಗೆ ಹೋಲಿಸಿದರು. ಪುಸ್ತಕದ ಸಂಖ್ಯೆ, ತಾರೀಖು, ಸದಸ್ಯರ ಹೆಸರು ಮೂರೂ ತಾಳೆಯಾದವು. ಆಮೇಲಷ್ಟೇ ಅಳಿಸಲು ಒಪ್ಪಿಗೆ. ಪ್ರತಿ ಸರಿಯಿದೆಯೇ ಎಂದು ಹೇಳಬೇಕಾದವರು ಅದನ್ನು ದಿನವೂ ಬಳಸುವವರೇ. ಫೈಲಿನ ಗಾತ್ರ, ನಕಲನ್ನು ತಾಳೆ ನೋಡುವ ಚೆಕ್‌ಸಮ್ ಎರಡೂ ಪಕ್ಕಾ ಇದ್ದರೂ ಆ ಮೊದಲ ಫೈಲ್ ನಿಷ್ಪ್ರಯೋಜಕವೇ ಆಗಿತ್ತು.

ಇನ್‌ಸ್ಟಾಲ್

ಇದರ ಬಗ್ಗೆ ಹೇಳಲು ಹೆಚ್ಚಿಲ್ಲ. ಸಹಾಯಕನ ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ದಾಟಿಸುವ ಸೌಲಭ್ಯ ಆನ್ ಮಾಡಿ, ಕೇಬಲ್‌ನಿಂದ ಬಂದದ್ದನ್ನು ನ್ಯಾಟ್ ಮೂಲಕ (ಸರ್ವರಿನ ವಿಳಾಸವನ್ನೇ ಹಚ್ಚಿ) ವೈಫೈಗೆ ಬಿಟ್ಟರು. ಒಂದೇ ಕಡೆ ತಡವಾಯಿತು. ಇನ್‌ಸ್ಟಾಲರಿಗೆ ವಿಳಾಸ ಸಿಕ್ಕಿತ್ತು, ಐಪಿ ವಿಳಾಸಕ್ಕೆ ಪಿಂಗ್ (ಸಂಪರ್ಕದ ಪರೀಕ್ಷೆ) ಹೋಗುತ್ತಿತ್ತು, ಆದರೆ ಪ್ಯಾಕೇಜುಗಳನ್ನು ಕೊಡುವ ಡೆಬಿಯನ್ ಮಿರರ್ ತಾಣದ ಹೆಸರಿಗೆ ವಿಳಾಸ ಸಿಗುತ್ತಿರಲಿಲ್ಲ. ಸರ್ವರಿನಲ್ಲಿ 53ನೇ ಪೋರ್ಟನ್ನು ಸಿಸ್ಟಂ‌ಡಿಯ ಹೆಸರು ಹುಡುಕುವ ಸೇವೆ ಮೊದಲೇ ಹಿಡಿದಿದ್ದರಿಂದ ಡಿಎನ್‌ಎಸ್‌ಮಾಸ್ಕ್‌ನ ಡಿಎನ್‌ಎಸ್ ಭಾಗವನ್ನು (ಹೆಸರಿಗೆ ವಿಳಾಸ ಹುಡುಕಿಕೊಡುವ ಭಾಗವನ್ನು) ಆರಂಭದಲ್ಲೇ ಆಫ್ ಮಾಡಲಾಗಿತ್ತು. ಹಾಗೆ ಆಫ್ ಮಾಡಿದರೆ ಅದು ಕೊಡುವ ವಿಳಾಸದ ಜೊತೆಗೆ ಡಿಎನ್‌ಎಸ್ ಸರ್ವರಿನ ಸುಳಿವು ಇರುವುದಿಲ್ಲ. ಈ ಸಲ ಸಹಾಯಕನೇ ಲಾಗ್ ತೆರೆದು, ಲ್ಯಾಪ್‌ಟಾಪಿಗೆ ಹೋದ ಆಯ್ಕೆಗಳ ಪಟ್ಟಿಯಲ್ಲಿ ಡಿಎನ್‌ಎಸ್ ಸರ್ವರ್ ತಿಳಿಸುವ 6ನೆಯದು ಇಲ್ಲವೆಂದು ಗುರುತಿಸಿ, ಅದನ್ನು ಸೇರಿಸಿದ. ಬೇರೇನನ್ನೂ ಮುಟ್ಟಲಿಲ್ಲ.

2 ಜಿಬಿ ರ‍್ಯಾಮ್‌ಗೆ ಹಗುರಾದ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಾಕಿದರು. ವೈಫೈ ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪ್ರೋಗ್ರಾಂ) ನೆಟ್‌ಬೂಟ್ ಕಟ್ಟಿನಲ್ಲಿ ಇರಲಿಲ್ಲ. ಕೇಬಲ್ ಇದ್ದಾಗಲೇ ಡೆಬಿಯನ್ ಭಂಡಾರದಿಂದ ಅದನ್ನು ತಂದುಕೊಂಡರು. ಕೇಬಲ್ ಕಿತ್ತು ರೀಸ್ಟಾರ್ಟ್ ಮಾಡಿದಾಗ ಲ್ಯಾಪ್‌ಟಾಪ್ ತನ್ನ ಡಿಸ್ಕಿನಿಂದಲೇ ಎದ್ದಿತು. ಹಳೆಯ ಪ್ರೋಗ್ರಾಂ ಮತ್ತೆ ಬರಲಿಲ್ಲ. ಸದಸ್ಯರ ಪಟ್ಟಿ ಸದ್ಯಕ್ಕೆ ಸ್ಪ್ರೆಡ್‌ಶೀಟಿನಲ್ಲಿದೆ, ಪ್ರತಿ ವಾರ ಒಂದು ನಕಲು ಬೇರೆ ಕಂಪ್ಯೂಟರಿಗೆ ಹೋಗುತ್ತದೆ. ಡಿಸ್ಕ್ ಇಮೇಜನ್ನು ಅಳಿಸದೆ ಎತ್ತಿಟ್ಟಿದ್ದಾರೆ.

ಇದೇ ಕೆಲಸಕ್ಕೆ ಇಳಿಯುವವರಿಗೆ

ನೆಟ್‌ವರ್ಕ್ ಬೂಟ್ ಕಷ್ಟವೆನಿಸುವುದು ಅದರ ಹಂತಗಳು ಎರಡು ಯಂತ್ರಗಳಲ್ಲಿ ಹಂಚಿಹೋಗಿರುವುದರಿಂದ. ಏಳದ ಯಂತ್ರ ಎಲ್ಲಿ ನಿಂತೆ ಎಂದಷ್ಟೇ ಹೇಳುತ್ತದೆ, ಯಾಕೆ ಎಂದು ಇನ್ನೊಂದರ ಲಾಗ್ ಹೇಳುತ್ತದೆ. ಇ61 ಎಂದರೆ ಕೇಬಲ್ ಅಥವಾ ಪೋರ್ಟ್. ಇ51 ಎಂದರೆ ವಿಳಾಸದ ಹಂತ, ಇ53 ಫೈಲಿನ ಹೆಸರಿನ ಹಂತ, ಇ32 ಫೈಲ್ ತರುವ ಹಂತ, ಟಿ01 ಎಂದರೆ ಕೇಳಿದ ಫೈಲ್ ಅಲ್ಲಿಲ್ಲ. ಸಂಕೇತ ಬದಲಾಯಿತೆಂದರೆ ಜಾಗ ಬದಲಾಗಿದೆ ಎಂದರ್ಥ. ಹಿಂದಿನ ಹಂತದ ಸೆಟ್ಟಿಂಗನ್ನು ಮತ್ತೆ ಕೆದಕಬಾರದು. ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ಹೋದದ್ದು ದೋಷ ದೊಡ್ಡದಾಗಿದ್ದರಿಂದಲ್ಲ, ಒಂದೇ ಸಲ ಹಲವನ್ನು ಬದಲಿಸಿದ್ದರಿಂದ.

ಯುಇಎಫ್‌ಐ ಇರುವ ಯಂತ್ರಕ್ಕೆ ಇದೇ ಸರ್ವರ್ ಸಾಕು, ಬೂಟ್ ಫೈಲ್ ಮಾತ್ರ ಬೇರೆ. ಕೇಳುವ ಯಂತ್ರ ತನ್ನ ಬಗೆಯನ್ನು ಡಿಎಚ್‌ಸಿಪಿಯ 93ನೇ ಆಯ್ಕೆಯಲ್ಲಿ ತಿಳಿಸುತ್ತದೆ: ಹಳೆಯ ಬಯಾಸ್ ಆದರೆ 0, 64 ಬಿಟ್ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7. ಡಿಎನ್‌ಎಸ್‌ಮಾಸ್ಕ್‌ಗೆ ಅದನ್ನು ನೋಡಿ ಫೈಲ್ ಆರಿಸಲು ಹೇಳಬಹುದು. ಸಹಿ ಇಲ್ಲದ ಪ್ರೋಗ್ರಾಂ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇರುವ ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಮೂಲಕ ಗ್ರಬ್ ಎಂಬ ಬೂಟ್‌ಲೋಡರನ್ನು ಏಳಿಸಬೇಕು. ಆಪಲ್ ಸಿಲಿಕಾನ್ (ಆಪಲ್‌ನದೇ ಚಿಪ್ ಇರುವ) ಮ್ಯಾಕ್ ಕಂಪ್ಯೂಟರುಗಳಲ್ಲಿ ಈ ದಾರಿ ಇಲ್ಲ. ಅಲ್ಲಿ ಇನ್ನೊಂದು ಮ್ಯಾಕನ್ನು ಯುಎಸ್‌ಬಿ-ಸಿ ಕೇಬಲ್‌ನಿಂದ ಜೋಡಿಸಿ, ಕೆಟ್ಟ ಯಂತ್ರವನ್ನು ಫರ್ಮ್‌ವೇರನ್ನು ಹೊರಗಿನಿಂದ ತುಂಬಿಸಬಹುದಾದ ಡಿಎಫ್‌ಯು ಸ್ಥಿತಿಗೆ ತಂದು, ಆಪಲ್ ಕಾನ್ಫಿಗರೇಟರ್ ಎಂಬ ಪ್ರೋಗ್ರಾಮಿನಿಂದ ಮೊದಲು ‘ರಿವೈವ್’ ಪ್ರಯತ್ನಿಸಬೇಕು; ‘ರಿಸ್ಟೋರ್’ ಒತ್ತಿದರೆ ಒಳಗಿನದೆಲ್ಲ ಅಳಿಯುತ್ತದೆ.

ಈಥರ್ನೆಟ್ ಪೋರ್ಟೇ ಇಲ್ಲದ ತೆಳು ಲ್ಯಾಪ್‌ಟಾಪುಗಳಿಗೆ ಯುಎಸ್‌ಬಿ ಅಡಾಪ್ಟರ್ ಬೇಕು. ಆ ಅಡಾಪ್ಟರನ್ನು ಲಿನಕ್ಸ್ ಗುರುತಿಸಿದರೆ ಸಾಲದು, ಲ್ಯಾಪ್‌ಟಾಪಿನ ಫರ್ಮ್‌ವೇರ್ (ಬಯಾಸ್ ಅಥವಾ ಯುಇಎಫ್‌ಐ) ಗುರುತಿಸಬೇಕು. ಆಪರೇಟಿಂಗ್ ಸಿಸ್ಟಂ ಇನ್ನೂ ಇಲ್ಲದ ಹೊತ್ತಿನಲ್ಲಿ ಅದರೊಡನೆ ಮಾತಾಡಬೇಕಾದದ್ದು ಫರ್ಮ್‌ವೇರೇ. ಅಡಾಪ್ಟರ್ ಚುಚ್ಚಿ ಬೂಟ್ ಪಟ್ಟಿ ತೆರೆದಾಗ ನೆಟ್‌ವರ್ಕ್ ಸಾಲು ಕಾಣಿಸಿದರೆ ಮಾತ್ರ ಸರ್ವರ್ ಸಿದ್ಧಪಡಿಸಲು ಕೂರಬಹುದು.